ನೀರು ಒಯ್ಯುತ್ತದೆ, ಆಳ ಹುಳುವಿನದು

ಕೆಜಿಎಫ್‌ಗೆ ಹತ್ತಿರದ ಕಡಲು ಯಾವುದು ಎಂದು ತರಗತಿಯಲ್ಲಿ ಕೇಳಿದರೆ ಮುಕ್ಕಾಲು ಪಾಲು ಹುಡುಗರು ಮಂಗಳೂರು ಎನ್ನುತ್ತಾರೆ. ರಾಜ್ಯದ ನಕ್ಷೆ ನೋಡಿಯೇ ಬೆಳೆದವರು ಇನ್ನೇನು ಹೇಳಿಯಾರು? ಅಳತೆಪಟ್ಟಿ ಇಟ್ಟು ನೋಡಿದರೆ ಪೂರ್ವಕ್ಕೆ ಚೆನ್ನೈ ಕಡಲು 200 ಕಿಲೋಮೀಟರಿಗೆ ತುಸು ಹೆಚ್ಚು, ಪಶ್ಚಿಮಕ್ಕೆ ಮಂಗಳೂರು 350 ದಾಟುತ್ತದೆ. ನಮ್ಮ ನೀರು ಹೋಗುವುದೂ ಪೂರ್ವಕ್ಕೇ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಬೇತಮಂಗಲದ ಕೆರೆಗೆ ಬಂದು, ಅಲ್ಲಿಂದ ಆಂಧ್ರದ ಒಂದು ತುಣುಕು ಹಾದು, ತಮಿಳುನಾಡಿನ ಉದ್ದಕ್ಕೂ ಹರಿದು ಕಲ್ಪಾಕ್ಕಂ ಪಕ್ಕದ ವಯಲೂರಿನಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಬಹಳ ವರ್ಷ ಅದು ಬರೀ ಮರಳು. 2021ರ ನವೆಂಬರಿನಲ್ಲಿ ಬೇತಮಂಗಲ ಕೋಡಿ ಬಿದ್ದಾಗ ಮಾತ್ರ ನಮ್ಮೂರಿನವರು ಜಾತ್ರೆಗೆ ಹೋದ ಹಾಗೆ ನದಿ ನೋಡಲು ಹೋದರು.

ನಾನು ಕೆಜಿಎಫ್ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿ ಹುಟ್ಟಿ, ಓದಿಗಾಗಿ ಪಶ್ಚಿಮ ಕರಾವಳಿಗೆ ಹೋಗಿ, ಅಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿಯುವ ಪ್ಲವಕದ ಬಲೆ ಎಳೆಯುತ್ತ ಒಂದಷ್ಟು ವರ್ಷ ಕಳೆದವನು. ಈಗ ಬಂಗಾರಪೇಟೆಯಲ್ಲಿ ಪ್ರಾಣಿಶಾಸ್ತ್ರ ಪಾಠ. ರಜೆ ಸಿಕ್ಕಾಗ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಘನಾಶಿನಿಗೋ ಕಾರವಾರಕ್ಕೋ ಹೋಗುತ್ತೇನೆ. ನಾವು ನೋಡಲು ಹೋಗುವುದು ಸಮುದ್ರದ ಹುಳುಗಳ ಮರಿಗಳನ್ನು. ಪಾಲಿಕೀಟ್ ಎಂಬ ಗುಂಪಿನ ಈ ಹುಳುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಬೆಳೆದ ಹುಳು ಕೆಸರಿನಲ್ಲಿ ಬಿಲ ಮಾಡಿಕೊಂಡೋ, ಬಂಡೆಯ ಮೇಲೆ ಕೊಳವೆ ಕಟ್ಟಿಕೊಂಡೋ ಕೂತ ಜಾಗ ಬಿಟ್ಟು ಬಹಳ ದೂರ ಹೋಗುವುದಿಲ್ಲ. ತಿರುಗಾಟವೆಲ್ಲ ಬಾಲ್ಯದಲ್ಲಿ. ಆ ತಿರುಗಾಟದ ಬೆನ್ನು ಹತ್ತಿದವರಿಗೆ ಉಪಯೋಗವಾಗಲಿ ಎಂದು ಈ ಪಾಠಗಳು.

1. ಎಲ್ಲಿ ಎಂದು ಕೇಳುವ ಮೊದಲು ಎಷ್ಟು ಆಳದಲ್ಲಿ ಎಂದು ಕೇಳಿ

ಒಂದು ಲೆಕ್ಕ ಮಾಡೋಣ. ಮೊಟ್ಟೆಯಿಂದ ಹೊರಬಂದ ಲಾರ್ವಾವನ್ನು ಟ್ರೋಕೋಫೋರ್ ಎನ್ನುತ್ತಾರೆ. ಗಾತ್ರ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಸೊಂಟಕ್ಕೆ ಪಟ್ಟಿ ಕಟ್ಟಿದಂತೆ ಒಂದು ಸಾಲು ಸೂಕ್ಷ್ಮ ರೋಮಗಳು. ಅವು ಬಡಿದರೆ ಮುಂದಕ್ಕೆ, ನಿಂತರೆ ಅಲ್ಲೇ ಠಿಕಾಣಿ. ಅಷ್ಟು ಸಣ್ಣ ಮೈಗೆ ಜಾರಿಕೊಂಡು ಹೋಗುವ ಸೌಕರ್ಯವಿಲ್ಲ. ವೇಗ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಎಂದಿಟ್ಟುಕೊಂಡರೆ ಗಂಟೆಗೆ 3.6 ಮೀಟರ್. ಅಳಿವೆಯಲ್ಲಿ ಇಳಿತದ ಸೆಳೆತ ಸೆಕೆಂಡಿಗೆ ಅರ್ಧ ಮೀಟರ್ ಇದ್ದರೆ ಗಂಟೆಗೆ 1.8 ಕಿಲೋಮೀಟರ್. ಹುಳುವಿನ ಮರಿಗಿಂತ ನೀರು 500 ಪಟ್ಟು ವೇಗ.

ಇಷ್ಟು ಬೋರ್ಡಿನ ಮೇಲೆ ಬರೆದ ಕೂಡಲೇ ಯಾರಾದರೂ ಕೇಳುತ್ತಾರೆ: "ಹಾಗಾದ್ರೆ ಈಜೋದು ದಂಡ ಅಲ್ವಾ ಸಾರ್?" ಅಡ್ಡಕ್ಕೆ ಈಜಿದರೆ ದಂಡವೇ. ಆದರೆ ಅಳಿವೆಯ ಆಳ ನಾಲ್ಕೈದು ಮೀಟರ್. ಗಂಟೆಗೆ 3.6 ಮೀಟರ್ ಈಜುವವನು ಎರಡು ಗಂಟೆಯೊಳಗೆ ತಳದಿಂದ ಮೇಲಕ್ಕೆ ಬರಬಲ್ಲ. ಮೇಲಿನ ನೀರು ಒಂದು ದಿಕ್ಕಿಗೆ, ಕೆಳಗಿನದು ಇನ್ನೊಂದು ದಿಕ್ಕಿಗೆ ಹೋಗುತ್ತಿದ್ದರೆ ಆ ಎರಡು ಗಂಟೆಯ ಶ್ರಮ ಅವನನ್ನು ಹತ್ತು ಕಿಲೋಮೀಟರ್ ಆಚೆಗೋ ಈಚೆಗೋ ಹಾಕುತ್ತದೆ.

ಕೆಜಿಎಫ್ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಬೆಂಗಳೂರಿನವರಿಗೆ ಹೇಳಿಕೊಡುವುದಕ್ಕಿಂತ ಸುಲಭ. ನಮ್ಮ ತಂದೆ, ತಾತಂದಿರ ಮಾತಿನಲ್ಲಿ ಜಾಗ ಎಂದರೆ ಶಾಫ್ಟಿನ ಹೆಸರು ಮತ್ತು ಲೆವೆಲ್ ನಂಬರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ನೆಲದ ಮೇಲಿನ ಒಂದೇ ಚುಕ್ಕೆಯ ಕೆಳಗೆ ಹತ್ತಾರು ಲೆವೆಲ್. ಒಂದರಲ್ಲಿ ಗಾಳಿ ಒಳಕ್ಕೆ, ಇನ್ನೊಂದರಲ್ಲಿ ಹೊರಕ್ಕೆ. ಯಾವ ಲೆವೆಲ್ಲಿನಲ್ಲಿ ನಿಂತಿದ್ದೀಯ ಎಂಬುದೇ ನಿನ್ನ ಕಡೆಗೆ ಯಾವ ಗಾಳಿ ಬರುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಅಳಿವೆಯೂ ಅಷ್ಟೆ. ನದಿಯ ಸಿಹಿನೀರು ಹಗುರ, ಮೇಲೆ ತೇಲಿ ಕಡಲಿಗೆ ಹೋಗುತ್ತದೆ. ಉಪ್ಪುನೀರು ಭಾರ, ತಳದಲ್ಲಿ ನುಸುಳಿ ಒಳಕ್ಕೆ ಬರುತ್ತದೆ. ಮೇಲಿದ್ದ ಮರಿ ಹೊರಗೆ, ಕೆಳಗಿದ್ದ ಮರಿ ಒಳಗೆ.

ಫ್ರಾನ್ಸಿನ ಸೀನ್ ನದಿ ಕಡಲು ಸೇರುವ ಕೊಲ್ಲಿಯಲ್ಲಿ ಎರಿಕ್ ಥಿಯೆಬೊ ಮತ್ತು ಸಂಗಡಿಗರು 1990ರ ದಶಕದಲ್ಲಿ ಒವೇನಿಯಾ ಎಂಬ ಹುಳುವಿನ ಲಾರ್ವಾಗಳನ್ನು ಹೀಗೇ ಪದರ ಪದರವಾಗಿ ಹಿಡಿದು ನೋಡಿದರು. ವಯಸ್ಸು ಬದಲಾದಂತೆ ಅವುಗಳ ಆಳವೂ ಬದಲಾಗುತ್ತಿತ್ತು. ಅಷ್ಟು ದೊಡ್ಡ ನದಿ ಹೊರಕ್ಕೆ ತಳ್ಳುತ್ತಿದ್ದರೂ ಒಂದಷ್ಟು ಮರಿಗಳು ಹುಟ್ಟಿದ ಕೊಲ್ಲಿಯಲ್ಲೇ ಉಳಿಯುವುದರ ಗುಟ್ಟಿನ ಒಂದು ಭಾಗ ಅಲ್ಲಿದೆ. ಆದ್ದರಿಂದ ನಿಮ್ಮ ಮಾದರಿ ಬಾಟಲಿಯ ಚೀಟಿಯಲ್ಲಿ ಊರು, ತಾರೀಕು ಬರೆದು ಆಳ ಬರೆಯದಿದ್ದರೆ ಆ ಬಾಟಲಿ ಮ್ಯೂಸಿಯಂ ಕಪಾಟಿಗೆ ಸರಿ, ಹಂಚಿಕೆಯ ಲೆಕ್ಕಕ್ಕೆ ಬರದು.

2. ಬಲೆಯ ಕಣ್ಣು ಸಣ್ಣದಿರಲಿ, ಬಾಯಿಗೆ ಮೀಟರ್ ಇರಲಿ

ಸಾಮಾನ್ಯ ಪ್ಲವಕ ಸರ್ವೇಗೆ ಬಳಸುವ ಬಲೆಯ ಕಣ್ಣು 200 ಮೈಕ್ರಾನ್ ಅಥವಾ ಅದಕ್ಕೂ ದೊಡ್ಡದು. ಅದರಲ್ಲಿ ಸೀಗಡಿ ಮರಿ, ಮೀನಿನ ಮೊಟ್ಟೆ, ಕೋಪಿಪಾಡ್ ಚೆನ್ನಾಗಿ ಸಿಗುತ್ತವೆ. ಟ್ರೋಕೋಫೋರ್ ಜರಡಿಯಿಂದ ಹಿಟ್ಟು ಇಳಿದಷ್ಟು ಸಲೀಸಾಗಿ ಇಳಿದುಹೋಗುತ್ತದೆ. ಎಳೆಯ ಲಾರ್ವಾ ಬೇಕಾದರೆ 64 ಮೈಕ್ರಾನಿನ ಬಲೆ ಬೇಕು. ಅದರ ತಾಪತ್ರಯ ಬೇರೆ: ಕೆಸರು, ಡಯಾಟಮ್ ತುಂಬಿ ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಬಲೆ ನೀರನ್ನು ಸೋಸುವುದಿಲ್ಲ, ಮುಂದೆ ತಳ್ಳುತ್ತದೆ. ಎಳೆತ ಚಿಕ್ಕದಿರಲಿ, ಬಾಯಿಗೆ ಫ್ಲೋಮೀಟರ್ ಕಟ್ಟಿರಲಿ.

ಎಷ್ಟು ನೀರು ಹಾದುಹೋಯಿತು ಎಂಬುದು ಗೊತ್ತಿಲ್ಲದ ಎಣಿಕೆಗೆ ಬೆಲೆಯಿಲ್ಲ. ಇದನ್ನು ನಮ್ಮೂರಿನಲ್ಲೇ ಕೆಲಸ ಮಾಡಿದ ಭೌತವಿಜ್ಞಾನಿಗಳು ಚೆನ್ನಾಗಿ ಬಲ್ಲವರಾಗಿದ್ದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದವರು ಚಾಂಪಿಯನ್ ರೀಫ್ ಗಣಿಯಲ್ಲಿ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಹಿಡಿದರು. ಸಿಕ್ಕಿದ್ದು ಬೆರಳೆಣಿಕೆ. ಆದರೆ ಎಷ್ಟು ಚದರ ಮೀಟರ್ ಉಪಕರಣ, ಎಷ್ಟು ದಿನ ತೆರೆದಿತ್ತು ಎಂಬ ಲೆಕ್ಕ ಪಕ್ಕಾ ಇದ್ದುದರಿಂದ ಆ ಬೆರಳೆಣಿಕೆಗೆ ಜಗತ್ತು ತಲೆಬಾಗಿತು. ಘನ ಮೀಟರಿಗೆ ಇಷ್ಟು ಲಾರ್ವಾ ಎಂದು ಬರೆಯುವಾಗ ಆ ಘನ ಮೀಟರ್ ನಿಮ್ಮದೇ ಅಳತೆಯದಾಗಿರಲಿ.

3. ಫಾರ್ಮಲಿನ್ ಹಾಕುವ ಮೊದಲು ಒಂದು ತಟ್ಟೆ ಜೀವಂತ ನೋಡಿ

ಫಾರ್ಮಲಿನ್ ತಾಗಿದ ಲಾರ್ವಾ ಸುರುಳಿ ಸುತ್ತಿಕೊಳ್ಳುತ್ತದೆ, ಬಿರುಗೂದಲು ಉದುರಿಸುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ. ಆಮೇಲೆ ಎಲ್ಲವೂ ಒಂದೇ ಥರದ ಬಿಳಿ ತುಣುಕು. ಮೊದಲು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಸ್ವಲ್ಪ ಸ್ವಲ್ಪವೇ ಸೇರಿಸಿ ಮತ್ತು ಬರಿಸಿದರೆ ಮೈ ನೀಳವಾಗಿ ಉಳಿಯುತ್ತದೆ. ಫಾರ್ಮಲಿನ್‌ಗೆ ಬೊರಾಕ್ಸ್ ಹಾಕಿ ಹುಳಿ ಮುರಿಯುವುದನ್ನು ಮರೆಯಬಾರದು.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಸತ್ತ ಲಾರ್ವಾ ಏನು ಮಾಡುತ್ತಿತ್ತು ಎಂದು ಹೇಳುವುದಿಲ್ಲ. ಗಾಜಿನ ತಟ್ಟೆಯ ಒಂದು ಬದಿಗೆ ಟಾರ್ಚ್ ಹಿಡಿಯಿರಿ. ಎಳೆಯವು ಗುಂಪುಗಟ್ಟಿ ಬೆಳಕಿನ ಕಡೆಗೆ ಬರುತ್ತವೆ, ಸುರುಳಿ ಸುರುಳಿಯಾಗಿ ತಿರುಗುತ್ತ. ಬೆಳೆದವುಗಳಲ್ಲಿ ಹಲವು ಬೆನ್ನು ತಿರುಗಿಸುತ್ತವೆ. ಪ್ಲಾಟಿನೆರೀಸ್ ಎಂಬ ಹುಳುವಿನ ಲಾರ್ವಾದಲ್ಲಿ ಗಾಸ್ಪಾರ್ ಯೆಕೆಲಿ ಮತ್ತು ಸಂಗಡಿಗರು 2008ರಲ್ಲಿ ಇದರ ಯಂತ್ರವನ್ನೇ ಬಿಚ್ಚಿ ತೋರಿಸಿದರು. ಅದರ ಕಣ್ಣಿಗೆ ಎರಡೇ ಕೋಶ: ಒಂದು ಬೆಳಕು ಹಿಡಿಯುವುದು, ಇನ್ನೊಂದು ಒಂದು ಬದಿ ಮರೆಮಾಡುವ ಬಣ್ಣದ ಕೋಶ. ಬೆಳಕು ಹಿಡಿದ ಕೋಶದ ನರ ನೇರವಾಗಿ ರೋಮಪಟ್ಟಿಗೇ ಹೋಗಿ ಆ ಬದಿಯ ಬಡಿತವನ್ನು ನಿಧಾನ ಮಾಡುತ್ತದೆ. ನಡುವೆ ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ನಮ್ಮ ಕಚೇರಿಗಳೂ ಹೀಗಿದ್ದಿದ್ದರೆ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಅದೇ ಹುಳುವಿನ ಲಾರ್ವಾಗೆ ನೀರಿನ ಒತ್ತಡವೂ ತಿಳಿಯುತ್ತದೆ. ಒತ್ತಡ ಏರಿದರೆ ಮೇಲಕ್ಕೆ ಈಜುತ್ತದೆ. ಬೆಳಕು, ಒತ್ತಡ, ಉಪ್ಪಿನ ಸಾಂದ್ರತೆ, ಗುರುತ್ವ: ಇವುಗಳ ನಡುವೆ ಮರಿ ತನ್ನ ಆಳವನ್ನು ಹುಡುಕಿಕೊಳ್ಳುತ್ತದೆ. ಮೊದಲ ಪಾಠದಲ್ಲಿ ಹೇಳಿದ ಆಳದ ಆಯ್ಕೆಗೆ ಕೈಕಾಲು ಇವೇ.

4. ಯಾರ ಮರಿ ಎಂದು ತಿಳಿಯದೆ ದೂರದ ಮಾತು ಬೇಡ

ವರದಿಗಳಲ್ಲಿ "ಪಾಲಿಕೀಟ್ ಲಾರ್ವಾ" ಎಂದು ಒಂದೇ ಸಾಲು ಹಾಕಿ ಪಕ್ಕದಲ್ಲಿ ಸಂಖ್ಯೆ ಬರೆದಿರುತ್ತಾರೆ. ಹಂಚಿಕೆ ತಿಳಿಯಬೇಕಾದವನಿಗೆ ಅದು ಬಸ್ ನಿಲ್ದಾಣದಲ್ಲಿ "ಜನ" ಎಂದು ಎಣಿಸಿದ ಹಾಗೆ. ಎಲ್ಲಿಗೆ ಹೋಗುವವರು, ಯಾವಾಗ ಇಳಿಯುವವರು ಎಂಬುದೇ ಮುಖ್ಯ.

ಎರಡು ದೊಡ್ಡ ಬಗೆ ಇದೆ. ಒಂದು, ನೀರಿನಲ್ಲೇ ತಿಂದು ಬೆಳೆಯುವ ಮರಿ. ಸೂಕ್ಷ್ಮ ಪಾಚಿ ತಿನ್ನುತ್ತ ವಾರಗಟ್ಟಲೆ, ಕೆಲವೊಮ್ಮೆ ತಿಂಗಳು ದಾಟಿ ತೇಲುತ್ತದೆ. ಸ್ಪಿಯೊನಿಡ್, ಮೆಗೆಲೋನ, ಒವೇನಿಯಾ ಈ ಸಾಲಿನವು. ಇನ್ನೊಂದು, ತಾಯಿ ಕಟ್ಟಿಕೊಟ್ಟ ಹಳದಿಯ ಬುತ್ತಿಯಲ್ಲೇ ಕೆಲಸ ಮುಗಿಸುವ ಮರಿ. ಇದಕ್ಕೆ ಕೆಲವು ದಿನ, ಕೆಲವು ಗಂಟೆ ಸಾಕು. ಸ್ಪೈರಾರ್ಬಿಸ್ ಎಂಬ ಸಣ್ಣ ಸುರುಳಿ ಕೊಳವೆಯ ಹುಳು ಮರಿಗಳನ್ನು ತನ್ನಲ್ಲೇ ಸಾಕುತ್ತದೆ; ಹೊರಬಿಟ್ಟ ಕೆಲವೇ ಗಂಟೆಯಲ್ಲಿ ಅವು ಪಕ್ಕದ ಪಾಚಿಗೋ ಕಲ್ಲಿಗೋ ಅಂಟಿಕೊಳ್ಳುತ್ತವೆ. ಮೊದಲಿನದು ನೂರಾರು ಕಿಲೋಮೀಟರ್ ಹೋದೀತು, ಎರಡನೆಯದು ಬೀದಿ ದಾಟುವುದಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಅದರ ಅರ್ಥವೇನು?

ಹೆಸರು ಸರಿಯಾಗಿದ್ದರೂ ಮೋಸ ಇರಬಹುದು. ಕೊಳಕು ನೀರಿನ ಗುರುತು ಎಂದು ಜಗತ್ತೆಲ್ಲ ನಂಬಿದ್ದ ಕ್ಯಾಪಿಟೆಲ್ಲ ಕ್ಯಾಪಿಟೇಟ ಎಂಬ ಹುಳುವನ್ನು ಅಮೆರಿಕದ ಜೂಡಿತ್ ಗ್ರಾಸ್ಲ್ ಮತ್ತು ಫ್ರೆಡರಿಕ್ ಗ್ರಾಸ್ಲ್ ಸೂಕ್ಷ್ಮವಾಗಿ ಪರೀಕ್ಷಿಸಿದರು. 1969ರಲ್ಲಿ ವೆಸ್ಟ್ ಫಾಲ್ಮತ್‌ನಲ್ಲಿ ತೈಲ ಸೋರಿದ ಮೇಲೆ ಆ ಕೆಸರಿನಲ್ಲಿ ಇದು ಲಕ್ಷೋಪಲಕ್ಷ ಹುಟ್ಟಿಕೊಂಡಿತ್ತು. 1976ರಲ್ಲಿ ಅವರು ಕೊಟ್ಟ ಉತ್ತರ: ಇದು ಒಂದು ಜಾತಿಯೇ ಅಲ್ಲ, ಕಡಿಮೆಯೆಂದರೆ ಆರು. ನೋಡಲು ಬಹುತೇಕ ಒಂದೇ. ಮರಿಯ ಬದುಕು ಮಾತ್ರ ಬೇರೆ ಬೇರೆ, ಕೆಲವು ನೀರಿನಲ್ಲಿ ತೇಲುವವು, ಕೆಲವು ಹೊರಬಿದ್ದ ತಕ್ಷಣ ಕೆಸರು ಸೇರುವವು. ಇವತ್ತು ಡಿಎನ್ಎ ಬಾರ್‌ಕೋಡ್ ಇದೆ. ಆದರೂ ಮೊದಲು ಕಣ್ಣು ಪಳಗಬೇಕು. ಮೂರು ಜೋಡಿ ಕಾಲು, ಕಪ್ಪು ಕಣ್ಣು ಇದ್ದು ಚುರುಕಾಗಿ ಓಡಿದರೆ ನೆರೀಡ್. ಮೈಗಿಂತ ಉದ್ದದ ಬಿರುಗೂದಲನ್ನು ಕೊಡೆಯಂತೆ ಬಿಚ್ಚಿದರೆ ಸ್ಪಿಯೊನಿಡ್ ಅಥವಾ ಸೆಬೆಲಾರಿಡ್. ಗಂಟೆಯಾಕಾರಕ್ಕೆ ಬಿರುಗೂದಲ ಗೊಂಚಲು ತೂಗಿದರೆ ಒವೇನಿಯಾ. ಬಾಯಿಪಾಠ ಸಾಲದು, ಕೈಯಲ್ಲಿ ಚಿತ್ರ ಬರೆಯಿರಿ. ಮೊಬೈಲ್ ಫೋಟೋ ತೆಗೆದವರು ನೋಡಿದ್ದನ್ನು ಮರೆಯುತ್ತಾರೆ, ಬರೆದವರು ಮರೆಯುವುದಿಲ್ಲ ಎಂಬುದು ನನ್ನ ಹಳೇ ಕಾಲದ ಹಟ.

5. ಒಂದು ಹೊತ್ತಿನ ಮಾದರಿ ಏನನ್ನೂ ಹೇಳುವುದಿಲ್ಲ

ಪ್ರವಾಸದ ಬಸ್ಸು ಬೆಳಿಗ್ಗೆ ಹತ್ತಕ್ಕೆ ತಲುಪುತ್ತದೆ, ಆದ್ದರಿಂದ ಮಾದರಿಯೂ ಹತ್ತಕ್ಕೆ. ಇದು ನಮ್ಮ ಕಾಲೇಜುಗಳ ಸಮುದ್ರಜೀವಶಾಸ್ತ್ರ. ಹತ್ತು ಗಂಟೆಯ ಬಿಸಿಲಿಗೆ ಅರ್ಧದಷ್ಟು ಮರಿಗಳು ಕೆಳಗಿಳಿದಿರಬಹುದು. ಇಳಿತವಿದ್ದರೆ ಉಳಿದರ್ಧ ಹೊರಗೆ ಹೋಗಿರಬಹುದು. ಮೇಲ್ಮೈಯಲ್ಲಿ ಬಲೆ ಎಳೆದು "ಇಲ್ಲಿ ಲಾರ್ವಾ ಇಲ್ಲ" ಎಂದು ದಾಖಲೆ ಪುಸ್ತಕದಲ್ಲಿ ಬರೆದು, ಊಟ ಮಾಡಿ, ಬೀಚಿಗೆ ಹೋಗುತ್ತಾರೆ.

ಮಾಡಬೇಕಾದದ್ದು ಬೇಸರದ ಕೆಲಸ. ದೋಣಿಗೆ ಲಂಗರು ಹಾಕಿ ಒಂದೇ ಕಡೆ ಹಗಲೂ ರಾತ್ರಿ ನಿಲ್ಲಬೇಕು. ಎರಡೋ ಮೂರೋ ಗಂಟೆಗೊಮ್ಮೆ ಮೇಲಿಂದ ಒಂದು, ತಳದ ಹತ್ತಿರದಿಂದ ಒಂದು ಮಾದರಿ. ಜೊತೆಗೆ ಉಪ್ಪು, ಉಷ್ಣತೆ, ಸೆಳೆತದ ದಿಕ್ಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡೂ ಸಮನಲ್ಲ, ಒಂದು ದೊಡ್ಡದು ಒಂದು ಸಣ್ಣದು. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜೋರು, ಅಷ್ಟಮಿಯ ಸುತ್ತ ಮಂದ. ಹೀಗಾಗಿ ಒಂದು ದಿನ ನಿಂತರೂ ಸಾಲದು, ಜೋರಿನ ದಿನ ಒಮ್ಮೆ, ಮಂದದ ದಿನ ಒಮ್ಮೆ ನಿಲ್ಲಬೇಕು. ಭರತದಲ್ಲಿ ಮೇಲೇರಿ ಇಳಿತದಲ್ಲಿ ತಳ ಸೇರುವ ಮರಿ ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಒಳಕ್ಕೆ ಸರಿಯುತ್ತದೆ. ಏಡಿಗಳ ಮರಿಗಳಲ್ಲಿ ಈ ಉಪಾಯ ಎದ್ದು ಕಾಣುತ್ತದೆ. ಹುಳುಗಳಲ್ಲಿ ಜಾತಿಯಿಂದ ಜಾತಿಗೆ ವ್ಯತ್ಯಾಸವಿದೆ. ನಿಮ್ಮ ಅಂಕಿಗಳೇ ಹೇಳಬೇಕು.

ದೋಣಿ ನಡೆಸುವವರ ಮಾತು ಕೇಳುವುದೂ ಇದೇ ಪಾಠಕ್ಕೆ ಸೇರಿದ್ದು. ಅಘನಾಶಿನಿ ಬಾಯಿಯಲ್ಲಿ ಇಳಿತದ ಹೊತ್ತಿಗೆ ಕೆಂಪು ನೀರು, ನೀಲಿ ನೀರು ಕೂಡುವ ಕಡೆ ಉದ್ದಕ್ಕೆ ನೊರೆಯ ಗೆರೆ ಬೀಳುತ್ತದೆ. "ಮಾಸ್ತರ್ರೇ, ಆ ಗೆರೆ ಬಿಟ್ಟು ಬಲೆ ಎಲ್ಲಿ ಹಾಕ್ತೀರಿ?" ಎಂದು ದೋಣಿಯವರು ನಕ್ಕಿದ್ದುಂಟು. ಅವರ ಲೆಕ್ಕ ಸರಿ. ಎರಡೂ ಕಡೆಯ ನೀರು ಗೆರೆಯ ಹತ್ತಿರ ಬಂದು ಕೆಳಗೆ ಮುಳುಗುತ್ತದೆ. ಕಸ, ನೊರೆ ತೇಲುವುದರಿಂದ ಉಳಿಯುತ್ತವೆ. ಲಾರ್ವಾಗಳು ಮೇಲಕ್ಕೆ ಈಜುವುದರಿಂದ ಉಳಿಯುತ್ತವೆ. ಅವನ್ನು ತಿನ್ನಲು ಸಣ್ಣ ಮೀನು, ಅದನ್ನು ತಿನ್ನಲು ದೊಡ್ಡ ಮೀನು. ಗೆರೆಯ ಮೇಲೊಂದು, ಗೆರೆ ಬಿಟ್ಟು ಒಂದು ಮಾದರಿ ತೆಗೆದು ಬೇರೆ ಬೇರೆ ಇಡಿ. ಎರಡನ್ನು ಕೂಡಿಸಿ ಸರಾಸರಿ ತೆಗೆದರೆ ಅಂಥ ನೀರು ಎಲ್ಲೂ ಇರುವುದಿಲ್ಲ.

6. ಮಳೆಗಾಲವನ್ನು ಬಿಟ್ಟ ವರ್ಷ ಅರ್ಧ ವರ್ಷ

ಕೋಲಾರದಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 750 ಮಿಲಿಮೀಟರ್. ಕರಾವಳಿಯಲ್ಲಿ 3500 ದಾಟುತ್ತದೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಆಗ ಅಳಿವೆಗಳ ಮೇಲ್ಭಾಗ ಹೆಚ್ಚುಕಡಿಮೆ ಸಿಹಿನೀರು. ಕೆಸರಿನ ಹುಳುಗಳು ಸಾಯುತ್ತವೆ, ಕೊಚ್ಚಿಹೋಗುತ್ತವೆ, ಕೆಲವು ಆಳಕ್ಕಿಳಿದು ಬದುಕುತ್ತವೆ. ಮಳೆ ಹಿಂದೆಗೆದ ಮೇಲೆ ಮತ್ತೆ ಆ ಕೆಸರನ್ನು ತುಂಬುವುದು ಹೊರಗಿಂದ ಬರುವ ಮರಿಗಳು. ಅಂದರೆ ಮರಿಗಳ ಸಂಚಾರ ಬಹಳ ಮುಖ್ಯವಾಗುವುದು ಮಳೆಗಾಲದ ಸುತ್ತಮುತ್ತಲೇ. ನಾವು ಕಡಲಿಗೆ ಹೋಗಲಾರದ ಹೊತ್ತೂ ಮಳೆಗಾಲವೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಇಲ್ಲದಿದ್ದರೂ ಆ ಅಲೆಗೆ ಯಾರೂ ಹೋಗರು. ಸೇತುವೆ, ಜೆಟ್ಟಿಯ ಮೇಲಿಂದ ಬಕೆಟ್ಟಿನಲ್ಲಿ ನೀರೆತ್ತಿ ಬಲೆಗೆ ಸುರಿದಾದರೂ ಮಾದರಿ ತೆಗೆಯಿರಿ. ಎಷ್ಟು ಬಕೆಟ್, ಎಷ್ಟು ಲೀಟರ್ ಎಂದು ಬರೆದಿಡಿ, ಅದೇ ಫ್ಲೋಮೀಟರ್.

ಹೊರಗಿನ ಕಡಲಿನ ಹರಿವು ಕೂಡ ಋತುವಿಗೆ ದಿಕ್ಕು ತಿರುಗಿಸುತ್ತದೆ. ಪಶ್ಚಿಮ ಕರಾವಳಿಯ ಪ್ರವಾಹ ನೈಋತ್ಯ ಮುಂಗಾರಿನಲ್ಲಿ ದಕ್ಷಿಣಕ್ಕೆ, ನವೆಂಬರಿನಿಂದ ಫೆಬ್ರುವರಿಯವರೆಗೆ ಉತ್ತರಕ್ಕೆ. ಕಾರವಾರದಲ್ಲಿ ಆಗಸ್ಟಿನಲ್ಲಿ ಹುಟ್ಟಿದ ಮರಿ ಭಟ್ಕಳದ ಕಡೆಗೆ ಹೊರಟರೆ, ಡಿಸೆಂಬರಿನಲ್ಲಿ ಅದೇ ಬಿಲದಲ್ಲಿ ಹುಟ್ಟಿದ ಅದರ ತಮ್ಮ ಗೋವಾದ ಕಡೆಗೆ. ಮುಂಗಾರಿನ ಕೊನೆಗೆ ಇನ್ನೊಂದು ಗಂಡಾಂತರವಿದೆ. ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ದಡದ ತಟ್ಟೆಯ ಮೇಲೆ ಏರಿಬರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗೋವಾ, ಕಾರವಾರ ಕರಾವಳಿಯಾಚೆ ತಳದ ನೀರಿನಲ್ಲಿ ಆಮ್ಲಜನಕ ಬಹುತೇಕ ಬತ್ತುವುದನ್ನು ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ. ಮೇಲೆ ಸುಖವಾಗಿ ಬೆಳೆದ ಮರಿ ನೆಲ ಹಿಡಿಯಲು ಇಳಿಯುವುದು ಆ ಉಸಿರುಕಟ್ಟಿನ ಪದರಕ್ಕೆ.

ಅಣೆಕಟ್ಟು ಈ ಲೆಕ್ಕವನ್ನೇ ಬೇರೆ ಮಾಡುತ್ತದೆ. ಶರಾವತಿಗೆ ಲಿಂಗನಮಕ್ಕಿ ಇದೆ; ವಿದ್ಯುತ್ತಿಗಾಗಿ ವರ್ಷವಿಡೀ ನೀರು ಬಿಡುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪು ಕಡಿಮೆಯಾಗಿ ಕಪ್ಪೆಚಿಪ್ಪಿನ ಸಂಪತ್ತು ಇಳಿದಿದೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ; ಬೇಸಿಗೆಯಲ್ಲಿ ಉಪ್ಪು ಒಳಕ್ಕೆ ಬರುತ್ತದೆ, ಚಿಪ್ಪು ಹೆಕ್ಕುವ ಸಾವಿರಾರು ಮನೆಗಳು ಅದರಿಂದ ಬದುಕುತ್ತವೆ. 2024ರಲ್ಲಿ ಅದು ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹುಳುವಿನ ಮರಿಗಳನ್ನು ಈ ಎರಡು ಬಾಯಿಗಳಲ್ಲಿ ಒಂದೇ ವಾರ, ಒಂದೇ ಭರತದಲ್ಲಿ ಎಣಿಸಿ ಹೋಲಿಸುವುದು ಯಾವ ಎಂ.ಎಸ್ಸಿ. ವಿದ್ಯಾರ್ಥಿಯ ಕೈಗೂ ಎಟುಕುವ ಕೆಲಸ. ಕುಮಟಾದಲ್ಲಿ ರೂಮು ಮಾಡಿದರೆ ಎರಡೂ ಬಸ್ಸಿನ ದಾರಿ.

7. ಇಳಿಯುವ ನೆಲವನ್ನು ಮರಿಯೇ ಪರೀಕ್ಷೆ ಮಾಡುತ್ತದೆ

ಮರಿಗಳು ಮಳೆಯಂತೆ ಎಲ್ಲೆಡೆ ಉದುರಿ, ಸರಿಯಾದ ಜಾಗದಲ್ಲಿ ಬಿದ್ದವು ಬದುಕುತ್ತವೆ ಎಂದು ಒಂದು ಕಾಲದಲ್ಲಿ ತಿಳಿದಿದ್ದರು. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಡಗ್ಲಸ್ ವಿಲ್ಸನ್ 1940, 50ರ ದಶಕಗಳಲ್ಲಿ ಒಫೀಲಿಯಾ ಎಂಬ ಮರಳುಹುಳುವಿನ ಲಾರ್ವಾಗಳಿಗೆ ಬೇರೆ ಬೇರೆ ಮರಳು ಕೊಟ್ಟು ನೋಡಿದರು. ತಮಗೆ ಒಗ್ಗುವ ಮರಳು ಸಿಕ್ಕರೆ ತಕ್ಷಣ ರೂಪ ಬದಲಿಸಿ ನೆಲೆಸಿದವು, ಸಿಗದಿದ್ದರೆ ಮುಂದೂಡಿದವು. ಅದೇ ಮರಳನ್ನು ಆಮ್ಲದಲ್ಲಿ ತೊಳೆದು ಚೊಕ್ಕಟ ಮಾಡಿ ಕೊಟ್ಟರೆ ಬೇಡವೆಂದವು. ಮರಳಿನ ಕಾಳಿನ ಮೇಲಿನ ಸೂಕ್ಷ್ಮಜೀವಿಗಳೇ ರುಚಿ. ಹಡಗಿನ ತಳಕ್ಕೆ ಅಂಟುವ ಹೈಡ್ರಾಯ್ಡಿಸ್ ಎಲೆಗಾನ್ಸ್ ಕೊಳವೆಹುಳುವಿನ ವಿಷಯದಲ್ಲಿ ಹವಾಯಿಯ ಮೈಕೆಲ್ ಹ್ಯಾಡ್‌ಫೀಲ್ಡ್ ಬಳಗ ಇನ್ನೂ ಮುಂದೆ ಹೋಯಿತು. ಒಂದು ಬ್ಯಾಕ್ಟೀರಿಯಾ ತಯಾರಿಸುವ, ಚುಚ್ಚುವ ನಳಿಗೆಗಳಂಥ ರಚನೆಯೇ ಲಾರ್ವಾಗೆ ನೆಲೆಸುವ ಸೂಚನೆ ಕೊಡುತ್ತದೆ ಎಂದು 2014ರಲ್ಲಿ ಪ್ರಕಟಿಸಿದರು.

ಇದನ್ನು ಯಾವ ಜೆಟ್ಟಿಯಲ್ಲಾದರೂ ನೋಡಬಹುದು. ಎರಡು ಪಿವಿಸಿ ಹಲಗೆ ತನ್ನಿ. ಒಂದನ್ನು ಕೆಲವು ದಿನ ಸಮುದ್ರದ ನೀರಿನ ತೊಟ್ಟಿಯಲ್ಲಿ ನೆನೆಸಿ ಲೋಳೆ ಕಟ್ಟಲು ಬಿಡಿ, ಇನ್ನೊಂದು ಹೊಸದು. ಎರಡನ್ನೂ ಒಂದೇ ಆಳಕ್ಕೆ ಇಳಿಬಿಟ್ಟು ಮೊದಲ ಬಿಳಿ ಕೊಳವೆ ಯಾವುದರ ಮೇಲೆ ಬರುತ್ತದೆ ನೋಡಿ. ಬಲೆಯಲ್ಲಿ ಸಿಕ್ಕ ಸಂಖ್ಯೆಗೂ ಹಲಗೆಯ ಮೇಲೆ ನೆಲೆಸಿದ ಸಂಖ್ಯೆಗೂ ತಾಳೆಯಾಗದಿದ್ದರೆ ಗಾಬರಿ ಬೇಡ. ಅವೆರಡೂ ಬೇರೆ ಬೇರೆ ಪ್ರಶ್ನೆಗಳ ಉತ್ತರ.

8. ಸುರಂಗವೂ ಒಂದು ಸಮುದ್ರ

ಪಾಲಾರ್ ಬಾಯಿಯ ಪಕ್ಕದಲ್ಲೇ ಕಲ್ಪಾಕ್ಕಂನ ಮದ್ರಾಸ್ ಅಣು ವಿದ್ಯುತ್ ಕೇಂದ್ರವಿದೆ. ಮೊದಲ ಘಟಕ 1984ರಲ್ಲಿ, ಎರಡನೆಯದು 1986ರಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆಗೆ ತೊಡಗಿದವು. ತಂಪು ಮಾಡಲು ಸಮುದ್ರದ ನೀರು ಬೇಕು. ಅದನ್ನು ತರಲು ದಡದಿಂದ ಆಚೆ ಕಡಲಲ್ಲಿ ಒಂದು ಬಾವಿ, ಕಡಲ ತಳದಿಂದ ಸುಮಾರು 50 ಮೀಟರ್ ಕೆಳಗೆ 468 ಮೀಟರ್ ಉದ್ದದ ಸುರಂಗ, ಈ ಕಡೆ ಪಂಪ್‌ಹೌಸ್. ಶಾಫ್ಟು, ಅಡ್ಡ ಸುರಂಗ, ಪಂಪು ಎಂದ ಕೂಡಲೇ ನಮ್ಮ ಹುಡುಗರ ಕಿವಿ ನೆಟ್ಟಗಾಗುತ್ತದೆ.

ನೀರಿನ ಜೊತೆ ಮರಿಗಳೂ ಒಳಕ್ಕೆ ಹೋಗುತ್ತವೆ. ಒಳಗೆ ಕತ್ತಲೆ, ತಿನ್ನುವ ಮೀನು ಕಡಿಮೆ, ನಿಲ್ಲದ ಹರಿವಿನಲ್ಲಿ ನಿಲ್ಲದ ಊಟ. ಪಚ್ಚಿಲೆ, ಬಾರ್ನಕಲ್, ಕೊಳವೆಹುಳುಗಳಿಗೆ ಇಷ್ಟು ಸೌಕರ್ಯ ಹೊರಗೆಲ್ಲಿ? ಗೋಡೆಗೆ ಅಂಟಿ ಬೆಳೆದರೆ ಸುರಂಗ ಕಿರಿದಾಗುತ್ತದೆ; ಕಿತ್ತುಬಂದ ಚಿಪ್ಪು ಕಂಡೆನ್ಸರಿನ ಕೊಳವೆಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ಕ್ಲೋರಿನ್ ಹಾಯಿಸುತ್ತಾರೆ, ಅದಕ್ಕೇ ಅಲ್ಲಿ ದಶಕಗಳಿಂದ ಈ ಅಂಟುಜೀವಿಗಳ ಅಧ್ಯಯನ ನಡೆದಿದೆ. ಕ್ಲೋರಿನ್ ಯಾವ ತಿಂಗಳಲ್ಲಿ ಎಷ್ಟು ಎಂಬುದು ನೀರಿನಲ್ಲಿ ಯಾವ ಮರಿ ಯಾವಾಗ ಇದೆ ಎಂಬುದರ ಮೇಲೆ ನಿಲ್ಲುತ್ತದೆ. ಪೂರ್ವ ಕರಾವಳಿಯ ಪ್ರವಾಹವೂ ತಿರುಗುತ್ತದೆ: ಫೆಬ್ರುವರಿಯಿಂದ ಸೆಪ್ಟೆಂಬರಿನವರೆಗೆ ಹೆಚ್ಚಾಗಿ ಉತ್ತರಕ್ಕೆ, ಈಶಾನ್ಯ ಮಾರುತದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಹುಳುವಿನ ಮರಿ ಓದಿ ಏನು ಕೆಲಸ ಸಿಗುತ್ತದೆ ಎಂದು ಕೇಳುವ ತಂದೆತಾಯಿಗಳಿಗೆ ನಾನು ಈ ಸುರಂಗದ ಕಥೆ ಹೇಳುತ್ತೇನೆ. ಬಂದರು, ಹಡಗುಕಟ್ಟೆ, ವಿದ್ಯುತ್ ಸ್ಥಾವರ, ಸೀಗಡಿ ಹ್ಯಾಚರಿ ಎಲ್ಲಕ್ಕೂ ಈ ಲೆಕ್ಕ ಬೇಕು. ಹ್ಯಾಚರಿಯವರಿಗಂತೂ ತಾಯಿ ಸೀಗಡಿಗೆ ತಿನ್ನಿಸಲು ಹುಳುವೇ ಬೇಕು. ಕಡಲಿಂದ ಅಗೆದು ತಂದದ್ದರಲ್ಲಿ ರೋಗದ ಭಯ. ಸಾಕಬೇಕೆಂದರೆ ಮರಿ ಬೆಳೆಸಲು ಬರಬೇಕು.

9. ನಕ್ಷೆಯ ಮೇಲೆ ದಪ್ಪ ಬಾಣ ಎಳೆಯಬೇಡಿ

ಪ್ರವಾಹದ ವೇಗವನ್ನು ದಿನಗಳಿಂದ ಗುಣಿಸಿ "ಲಾರ್ವಾ ಇಷ್ಟು ದೂರ ಹೋಗುತ್ತದೆ" ಎನ್ನುವುದು ಸುಲಭ. ಆದರೆ ಹುಟ್ಟಿದವುಗಳಲ್ಲಿ ಬಹುಪಾಲು ದಾರಿಯಲ್ಲೇ ಯಾರದೋ ಹೊಟ್ಟೆ ಸೇರುತ್ತವೆ. ದಡದ ಹತ್ತಿರ ನೀರು ನಿಧಾನ, ಸುಳಿ ಹೆಚ್ಚು. ಇನ್ನು ಕೆಲವು ಹಡಗಿನ ಹೊಟ್ಟೆಯಲ್ಲಿ ತುಂಬಿದ ತೂಕದ ನೀರಿನ ಜೊತೆ ಖಂಡದಿಂದ ಖಂಡಕ್ಕೆ ಹೋಗುತ್ತವೆ. ಅದನ್ನು ಹತೋಟಿಗೆ ತರಲೆಂದೇ 2004ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ 2017ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಬಾಣ ಎಳೆಯುವುದಿದ್ದರೆ ಪ್ರತಿ ಆಳಕ್ಕೆ ಒಂದು, ಪ್ರತಿ ಋತುವಿಗೆ ಒಂದು, ಸಣ್ಣದಾಗಿ ಎಳೆಯಿರಿ.

10. ಕಡಲು ಸಿಗುವವರೆಗೆ ಕೆರೆಯಲ್ಲಿ ಕೈ ಪಳಗಿಸಿ

ಬಂಗಾರಪೇಟೆಯಲ್ಲಿ ಕೂತು ಕಡಲಿನ ಮಾತೇಕೆ ಎನ್ನುವವರಿಗೆ ರೋಟಿಫರ್ ತೋರಿಸುತ್ತೇನೆ. ಅದು ನಮ್ಮ ಕೆರೆಗಳಲ್ಲೇ ಸಿಗುವ ಜೀವಿ, ಹುಳುವಿನ ಮರಿಯಲ್ಲ. ಆದರೆ ಗಾತ್ರ ಅದೇ, ತಲೆಯ ಸುತ್ತ ರೋಮದ ಚಕ್ರ ಅದೇ ಬಗೆಯದು, ಈಜುವ ಕಷ್ಟವೂ ಅದೇ. ಎಷ್ಟು ಹೋಲಿಕೆ ಎಂದರೆ ಹತ್ತೊಂಬತ್ತನೇ ಶತಮಾನದಲ್ಲಿ ಬರ್ತೋಲ್ಡ್ ಹಾಟ್‌ಶೆಕ್ ಟ್ರೋಕೋಫೋರನ್ನೂ ರೋಟಿಫರನ್ನೂ ಒಂದೇ ಪೂರ್ವಜನಿಗೆ ಜೋಡಿಸಲು ಹೊರಟಿದ್ದ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ವರ್ಷವಿಡೀ ನೀರಿರುವ ಕೆರೆ ನಮ್ಮ ವಿದ್ಯಾರ್ಥಿಗಳಿಗೆ ಹೊಸ ಸೌಲಭ್ಯ. ತೆಪ್ಪದ ಮೇಲಿಂದ ಮೇಲಿನ ನೀರು, ಕೆಳಗಿನ ನೀರು. ಮಧ್ಯಾಹ್ನ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಾಲ್ಕು ಬಾಟಲಿ, ನಾಲ್ಕು ಚೀಟಿ. ಎಣಿಸಲು ಸೆಡ್ಜ್‌ವಿಕ್–ರಾಫ್ಟರ್ ಸ್ಲೈಡು: ಒಂದು ಮಿಲಿಲೀಟರ್, ಸಾವಿರ ಚೌಕ.

ಅಷ್ಟು ಮಾಡಿ ಬಂದವರನ್ನು ಮಾತ್ರ ಕಡಲಿಗೆ ಕರೆದೊಯ್ಯುತ್ತೇನೆ. ಅದಕ್ಕೆ ಪಂಚಾಂಗ, ಭರತ–ಇಳಿತದ ಪಟ್ಟಿ ಎರಡನ್ನೂ ಎದುರಿಗಿಟ್ಟು, ಅಮಾವಾಸ್ಯೆಯ ಹಿಂದುಮುಂದಿನ ದಿನಗಳಿಗೆ ಬಸ್ಸು ಗೊತ್ತುಮಾಡಬೇಕು. ಕಾಲೇಜಿನ ರಜೆಗೆ ಹೊಂದುತ್ತದೆಯೇ ಎಂದು ಆಮೇಲೆ ಪ್ರಿನ್ಸಿಪಾಲರನ್ನು ಕೇಳಿದರಾಯಿತು.